ಖಾಸಗಿ ಬೆಟ್ಟ, ಎಲ್ಲರ ನಡಿಗೆ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಅಡ್ಡಾಡಿದವರ ಕಣ್ಣಿಗೆ ಎರಡು ಬಗೆಯ ಫಲಕಗಳು ಬಿದ್ದಿರುತ್ತವೆ. ಒಂದರಲ್ಲಿ, ಈ ದಾರಿ ಮಾಲೀಕರ ಅನುಮತಿಯ ಮೇರೆಗೆ ತೆರೆದಿದೆ, ಸಾರ್ವಜನಿಕರಿಗೆ ಇದರ ಮೇಲೆ ಹಕ್ಕಿಲ್ಲ ಎಂದು ಬರೆದಿರುತ್ತದೆ. ಇನ್ನೊಂದು ಚಿಕ್ಕ ಬಿಲ್ಲೆ. ಕಂದು ಬಣ್ಣದ ವೃತ್ತದಲ್ಲಿ ಗುಡ್ಡ ದಾಟುತ್ತಿರುವ ಮನುಷ್ಯನ ಆಕೃತಿ, ಅಷ್ಟೇ. ಎರಡೂ ಗೇಟುಗಳ ಆಚೆ ಇರುವುದು ಯಾರದೋ ಖಾಸಗಿ ಜಮೀನೇ ಆಗಿರಬಹುದು. ಆದರೆ ಮೊದಲನೆಯ ಗೇಟಿಗೆ ಮಾಲೀಕರು ನಾಳೆ ಬೀಗ ಜಡಿದರೆ ಯಾರೂ ಕೇಳುವಂತಿಲ್ಲ. ಎರಡನೆಯದರ ಆಚೆ ಕಾಲಿಡುವುದು ನಡೆಯುವವರ ಹಕ್ಕು. ಮಾಲೀಕರು ಬದಲಾದರೂ ಅದು ಬದಲಾಗುವುದಿಲ್ಲ.

ಇಂಥ ಹಕ್ಕಿನ ಬಹುಪಾಲು ಸಂಸತ್ತಿನ ಕಾಯ್ದೆಯಿಂದ ಬಂದದ್ದು. ಒಂದು ಪಾಲು ಮಾತ್ರ ಮಾಲೀಕರೇ ಮನಸ್ಸು ಮಾಡಿ, ಪತ್ರ ಬರೆದು, ತಮ್ಮ ಜಮೀನನ್ನು ಜನರ ನಡಿಗೆಗೆ ಮುಡಿಪಾಗಿಟ್ಟದ್ದು. ಮಾಲೀಕತ್ವ ಅವರ ಹೆಸರಿನಲ್ಲೇ ಇರುತ್ತದೆ. ಕುರಿ ಮೇಯಿಸಬಹುದು, ಮರ ಕಡಿದು ಮಾರಬಹುದು, ಜಮೀನನ್ನೇ ಮಾರಬಹುದು. ಬಂದವರನ್ನು ಹೊರಗೆ ಹಾಕುವ ಅಧಿಕಾರವೊಂದನ್ನು ಮಾತ್ರ ಅವರು ಬಿಟ್ಟುಕೊಟ್ಟಿರುತ್ತಾರೆ. ಇದು ಹೇಗೆ ನಡೆಯುತ್ತದೆ, ಮುಡಿಪಿಟ್ಟವರಿಗೆ ರಕ್ಷಣೆ ಏನಿದೆ, ಎಲ್ಲಿ ಸಡಿಲವಾಗಿದೆ ಎಂಬುದನ್ನು ನೋಡೋಣ. ಅಲ್ಲಿ ನೆಲೆಸಿರುವ ಕನ್ನಡಿಗರಿಗೂ, ಮಕ್ಕಳ ಮನೆಗೆಂದು ಹೋಗಿ ಕೆಲವು ತಿಂಗಳು ಇದ್ದು ಬರುವ ಅಪ್ಪ ಅಮ್ಮಂದಿರಿಗೂ ಇದು ಗೊತ್ತಿದ್ದರೆ ಒಳ್ಳೆಯದು. ಅವರು ಸಂಜೆ ನಡೆಯುವ ಕಾಡಿಗೂ ಇಂಥ ಪತ್ರವೊಂದು ಇದ್ದೀತು.

ಮೊದಲು ಸ್ವಲ್ಪ ಹಿನ್ನೆಲೆ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ಕಾರ್ಮಿಕ ಯುವಕರು ನೂರಾರು ಸಂಖ್ಯೆಯಲ್ಲಿ ಹೇಫೀಲ್ಡ್ ಎಂಬ ಹಳ್ಳಿಯಿಂದ ಹೊರಟು ಕಿಂಡರ್ ಸ್ಕೌಟ್ ಬೆಟ್ಟದ ಮೇಲಿನ ನಿಷಿದ್ಧ ಬಯಲಿಗೆ ಬೇಕೆಂದೇ ನುಗ್ಗಿದರು. ಆ ಬಯಲು ಶ್ರೀಮಂತರ ಹಕ್ಕಿಬೇಟೆಗೆ ಮೀಸಲಾಗಿತ್ತು. ಕಾವಲುಗಾರರ ಜತೆ ತಳ್ಳಾಟವಾಯಿತು. ಮುಂದಾಳು ಬೆನ್ನಿ ರಾತ್‌ಮನ್ ಸೇರಿ ಐವರು ಜೈಲಿಗೆ ಹೋದರು. ಅಂದಿನ ಮಾಲೀಕರಾದ ಡೆವನ್‌ಶೈರ್ ಡ್ಯೂಕ್ ಅವರ ಮೊಮ್ಮಗ, ಮುಂದೆ ತಾವೂ ಅದೇ ಪಟ್ಟಕ್ಕೆ ಬಂದವರು, 2002ರಲ್ಲಿ ಎಪ್ಪತ್ತನೇ ವರ್ಷದ ನೆನಪಿನ ಸಭೆಗೆ ಬಂದು ತಾತನ ಕಾಲದ ನಡವಳಿಕೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು. ಈ ಎರಡು ದಿನಗಳ ನಡುವೆ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು. 2000ದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ ಗ್ರಾಮಾಂತರ ಮತ್ತು ದಾರಿಹಕ್ಕು ಕಾಯ್ದೆ ಬಂತು. ಇಂಗ್ಲೆಂಡಿನಲ್ಲಿ 2004ರ ಸೆಪ್ಟೆಂಬರಿನಿಂದ 2005ರ ಅಕ್ಟೋಬರ್‌ವರೆಗೆ ಒಂದೊಂದೇ ಪ್ರದೇಶದಲ್ಲಿ ಅದರ ನಡಿಗೆಯ ಹಕ್ಕು ಜಾರಿಗೆ ಬಂತು.

ಆ ಕಾಯ್ದೆ ತಾನಾಗಿಯೇ ತೆರೆದಿಟ್ಟದ್ದು ಕೆಲವು ಬಗೆಯ ನೆಲವನ್ನು ಮಾತ್ರ: 600 ಮೀಟರಿಗಿಂತ ಎತ್ತರದ ಬೆಟ್ಟ, ಕುರುಚಲು ಬಯಲು, ಸುಣ್ಣಕಲ್ಲಿನ ಹುಲ್ಲುಗುಡ್ಡ, ಮತ್ತು ಊರೊಟ್ಟಿನ ಮೇವಿನ ಹಕ್ಕಿಗೆ ಒಳಪಟ್ಟು ನೋಂದಣಿಯಾದ ನೆಲ. ಎಲ್ಲ ಸೇರಿದರೂ ಇಂಗ್ಲೆಂಡಿನ ನೂರಕ್ಕೆ ಎಂಟು ಪಾಲಿನಷ್ಟು. ಅದರಲ್ಲಿ ಹೆಚ್ಚಿನದು ಉತ್ತರದ ಬೆಟ್ಟಸೀಮೆಯಲ್ಲಿದೆ. ಜನ ಕಿಕ್ಕಿರಿದಿರುವ ದಕ್ಷಿಣದಲ್ಲಿ ಊರ ಪಕ್ಕದ ಕಾಡು, ಹೊಳೆಯಂಚಿನ ಹುಲ್ಲುಗಾವಲು, ತಗ್ಗಿನ ತೋಪು ಇವು ಯಾವುವೂ ಪಟ್ಟಿಯಲ್ಲಿಲ್ಲ. ಈ ಕೊರತೆಯನ್ನು ಮಾಲೀಕರೇ ತುಂಬಲು ಸಾಧ್ಯವಾಗಲಿ ಎಂದು ಕಾಯ್ದೆಯಲ್ಲಿ 16ನೇ ಕಲಮು ಇದೆ. ನೆಲ ಯಾವ ಬಗೆಯದೇ ಇರಲಿ, ಅದನ್ನು ಮುಕ್ತ ನಡಿಗೆಗೆ ಮುಡಿಪಾಗಿಡಲು ಅದು ದಾರಿ ಮಾಡಿಕೊಡುತ್ತದೆ.

ಮುಡಿಪಿಡುವ ಅಧಿಕಾರ ಇಬ್ಬರಿಗಿದೆ. ಒಬ್ಬರು ಜಮೀನಿನ ಪೂರ್ಣ ಒಡೆಯರು. ಇನ್ನೊಬ್ಬರು ದೀರ್ಘಾವಧಿ ಲೀಸಿನ ಮೇಲೆ ಜಮೀನು ಹಿಡಿದವರು, ಅವಧಿಯಲ್ಲಿ ಕನಿಷ್ಠ 90 ವರ್ಷ ಬಾಕಿ ಇದ್ದರೆ. ಲೀಸುದಾರರು ಕೊಟ್ಟ ಹಕ್ಕು ಲೀಸಿನೊಂದಿಗೇ ಮುಗಿಯುತ್ತದೆ. ಪೂರ್ಣ ಒಡೆಯರು ಕೊಟ್ಟದ್ದಕ್ಕೆ ಮುಗಿಯುವ ದಿನಾಂಕವಿಲ್ಲ. ಅದೇ ನೆಲದಲ್ಲಿ ಬೇರೆಯವರಿಗೆ ಲೀಸಿನ ಹಕ್ಕಿದ್ದರೆ ಅವರೂ ಜತೆಗೂಡಿ ಸಹಿ ಹಾಕಬೇಕು, ಇಲ್ಲವೇ ಒಪ್ಪಿಗೆ ಕೊಡಬೇಕು. ಗೇಣಿಗೆ ಕುರಿ ಮೇಯಿಸುವ ರೈತನನ್ನು ಕೇಳದೆ ಒಡೆಯರೊಬ್ಬರೇ ಧಾರಾಳತನ ತೋರಿಸುವಂತಿಲ್ಲ. ಇದು ಸರಿಯಾದ ನಿಯಮ. ದಿನವೂ ಆ ಗೇಟು ತೆಗೆದು ಮುಚ್ಚುವವನು ಅವನು. ಭಾರ ಬೀಳುವುದು ಅವನ ಮೇಲೆ.

ಪತ್ರದಲ್ಲಿ ಜಮೀನಿನ ಗುರುತು, ನಕ್ಷೆ, ಹಕ್ಕುದಾರರ ವಿವರ ಇರಬೇಕು. ಪ್ರತಿಗಳು ಸಂಬಂಧಪಟ್ಟ ಪ್ರಾಧಿಕಾರಗಳಿಗೆ ಹೋಗುತ್ತವೆ: ಇಂಗ್ಲೆಂಡಿನಲ್ಲಿ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆಗೆ, ಜತೆಗೆ ಆ ಜಿಲ್ಲೆಯ ಕೌನ್ಸಿಲ್‌ಗೆ ಅಥವಾ ರಾಷ್ಟ್ರೀಯ ಉದ್ಯಾನದ ಆಡಳಿತಕ್ಕೆ. ಆ ಮೇಲೆ ಮುಡಿಪು ಜಮೀನಿನ ಮೇಲಿನ ಋಣವಾಗಿ ಸ್ಥಳೀಯ ದಾಖಲೆಗೆ ಸೇರುತ್ತದೆ. ನಮ್ಮಲ್ಲಿ ಸೈಟು ಕೊಳ್ಳುವವರು ಇ.ಸಿ. ತೆಗೆಸಿದಾಗ ಹಳೆಯ ಸಾಲ ಕಾಣಿಸಿಕೊಳ್ಳುವಂತೆ, ಅಲ್ಲಿ ಮುಂದೆ ಆ ಜಮೀನು ಕೊಳ್ಳುವವರ ವಕೀಲರಿಗೆ ಇದು ಕಂಡೇ ಕಾಣುತ್ತದೆ. ಗೊತ್ತಿರಲಿಲ್ಲ ಎನ್ನಲು ಆಸ್ಪದವಿಲ್ಲ. ಸಾಲವನ್ನಾದರೂ ತೀರಿಸಿ ಖುಲಾಸೆ ಮಾಡಿಸಿಕೊಳ್ಳಬಹುದು, ಇದನ್ನು ಮಾಡಿಸುವಂತಿಲ್ಲ. ಒಮ್ಮೆ ಕೊಟ್ಟ ಮುಡಿಪನ್ನು ಹಿಂಪಡೆಯಲಾಗದು, ಮುಂದಿನ ಒಡೆಯರಿಗೂ ಅದು ಬದ್ಧ ಎಂದು ಕಾಯ್ದೆ ನೇರವಾಗಿ ಹೇಳುತ್ತದೆ.

ಇಡೀ ಏರ್ಪಾಡಿನ ಬೆಲೆ ಇರುವುದು ಇಲ್ಲಿಯೇ ಎಂದು ನಾನು ನಂಬುತ್ತೇನೆ. ಇದಕ್ಕಿಂತ ಮುಂಚಿನ ಕಾನೂನು ಇಷ್ಟು ಗಟ್ಟಿಯಾಗಿರಲಿಲ್ಲ. 1925ರ ಆಸ್ತಿ ಕಾಯ್ದೆಯ 193ನೇ ಕಲಮಿನಲ್ಲಿ, ಊರೊಟ್ಟಿನ ಹಕ್ಕುಗಳಿರುವ ನೆಲದ ಒಡೆಯರು ಜನರ ಗಾಳಿಸೇವನೆಗೂ ವ್ಯಾಯಾಮಕ್ಕೂ ಅದನ್ನು ಬಿಟ್ಟುಕೊಡುವ ಪತ್ರ ಬರೆಯಬಹುದಿತ್ತು. ಆದರೆ ಆ ಪತ್ರ ರದ್ದುಮಾಡಬಲ್ಲದ್ದೂ ಆಗಿರಬಹುದು, ರದ್ದುಮಾಡಲಾಗದ್ದೂ ಆಗಿರಬಹುದು, ಆಯ್ಕೆ ಒಡೆಯರದು. ಹಿಂದೆ ಸರ್ಕಾರ ಕೃಷಿ ಪರಿಸರ ಯೋಜನೆಗಳಲ್ಲಿ ದುಡ್ಡು ಕೊಟ್ಟು ರೈತರಿಂದ ಅನುಮತಿ ದಾರಿಗಳನ್ನು ತೆರೆಸಿತ್ತು. 2010ರಲ್ಲಿ ಹೊಸ ಒಪ್ಪಂದಗಳಿಗೆ ಆ ಹಣ ನಿಂತಿತು. ಹಳೆಯ ಒಪ್ಪಂದದ ಅವಧಿ ಮುಗಿದಂತೆ ಅನೇಕ ಕಡೆ ದಾರಿಗಳು ಮುಚ್ಚಿಹೋದವು. ರೈತರನ್ನು ದೂರುವಂತಿಲ್ಲ, ಅವರು ಒಪ್ಪಿದ್ದೇ ಅಷ್ಟು ವರ್ಷಕ್ಕೆ. ವರ್ಷಗಟ್ಟಲೆ ಅದೇ ದಾರಿಯಲ್ಲಿ ನಡೆದಿದ್ದ ಹಳ್ಳಿಯವರಿಗೆ ಮಾತ್ರ, ಅದು ತಮ್ಮದಾಗಿರಲೇ ಇಲ್ಲ ಎಂಬುದು ಬೇಲಿ ಬಿದ್ದ ಮೇಲೆ ತಿಳಿಯಿತು.

16ನೇ ಕಲಮನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಸರ್ಕಾರದ ಅರಣ್ಯ ಆಯೋಗ. ಹೊಸ ಹಕ್ಕು ಜಾರಿಗೆ ಬಂದ ದಿನಗಳಲ್ಲೇ ಅದು ತನ್ನ ಸ್ವಂತ ಒಡೆತನದ ಕಾಡುಗಳನ್ನು ಮುಡಿಪಾಗಿಟ್ಟಿತು. ಲೀಸಿನ ಮೇಲೆ ಹಿಡಿದಿದ್ದ ಕಾಡುಗಳು ಬಹುಮಟ್ಟಿಗೆ ಹೊರಗುಳಿದವು. ಹಾಗಾಗಿ ಇವತ್ತಿಗೂ ಎರಡು ಸರ್ಕಾರಿ ಕಾಡುಗಳು ನೋಡಲು ಒಂದೇ ತೆರನಾಗಿದ್ದರೂ ಒಂದರಲ್ಲಿ ನಡೆಯುವುದು ಹಕ್ಕು, ಇನ್ನೊಂದರಲ್ಲಿ ಬರೀ ಅನುಮತಿ. 2010–11ರಲ್ಲಿ ಸರ್ಕಾರ ಈ ಕಾಡುಗಳನ್ನು ಮಾರಲು ಹೊರಟಾಗ ಮುಡಿಪಿನ ಬಲವೂ ಮಿತಿಯೂ ಒಟ್ಟಿಗೆ ಬೆಳಕಿಗೆ ಬಂದವು. ಕಾಡು ಖಾಸಗಿಯವರ ಪಾಲಾದರೂ ಮುಡಿಪಿಟ್ಟ ಕಡೆ ಕಾಲ್ನಡಿಗೆಯ ಹಕ್ಕು ಉಳಿಯುತ್ತಿತ್ತು. ಅದನ್ನು ಯಾವ ಕೊಳ್ಳುವವರೂ ಅಳಿಸುವಂತಿರಲಿಲ್ಲ. ಆದರೆ ಕಾರು ನಿಲ್ಲಿಸುವ ಜಾಗ, ಶೌಚಾಲಯ, ಸೈಕಲ್ ಹಾದಿ ಇವು ಆ ಹಕ್ಕಿನೊಳಗೆ ಬರುವುದಿಲ್ಲ. ಹೊಸ ಮಾಲೀಕರು ಗೇಟಿನ ಹೊರಗಿನ ಪಾರ್ಕಿಂಗಿಗೆ ಸರಪಳಿ ಹಾಕಿದರೆ, ಹತ್ತಾರು ಮೈಲಿ ದೂರದಿಂದ ಬರುವವರ ಪಾಲಿಗೆ ಹಕ್ಕು ಕಾಗದದಲ್ಲಷ್ಟೇ ಉಳಿದಂತೆ. ಐದು ಲಕ್ಷಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. 2011ರ ಫೆಬ್ರವರಿಯಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಮುಡಿಪುಪತ್ರ ಬರೆಯುವವರು ಈ ಪ್ರಸಂಗದಿಂದ ಕಲಿಯಬೇಕಾದ್ದು ಬಹಳ ಇದೆ. ನಡೆಯಲು ನೆಲ ಕೊಟ್ಟರೆ ಸಾಲದು, ಅಲ್ಲಿಗೆ ತಲುಪುವ ಬಗೆಯನ್ನೂ ಯೋಚಿಸಬೇಕು.

ಖಾಸಗಿ ಮಾಲೀಕರು ಹಿಂಜರಿಯುವುದು ಎರಡು ಮೂರು ಭಯಗಳಿಗೆ. ದೊಡ್ಡದು ಅಪಘಾತದ ಭಯ. ನಡೆಯಲು ಬಂದವರು ಕಾಲುಜಾರಿ ಬಿದ್ದರೆ ಕೋರ್ಟಿಗೆ ಅಲೆಯಬೇಕಾದವರು ಯಾರು? ಈ ಭಯ ನ್ಯಾಯವಾದದ್ದು. ಆದರೆ ಇದಕ್ಕೆ ಕಾಯ್ದೆ ಕೊಟ್ಟಿರುವ ಉತ್ತರ ಸಾಕಷ್ಟು ಜನರಿಗೆ ತಿಳಿದಿಲ್ಲ. ನಡಿಗೆಯ ಹಕ್ಕಿನಿಂದ ಒಳಬಂದವರನ್ನು ಕಾನೂನು ಮಾಲೀಕರ ಅತಿಥಿಗಳೆಂದು ಎಣಿಸುವುದಿಲ್ಲ. ಬಂಡೆ, ಕಂದರ, ಹಳ್ಳ, ಕೊಳ ಮುಂತಾಗಿ ನೆಲದ ಸಹಜ ಲಕ್ಷಣಗಳಿಂದ ಆಗುವ ಗಾಯಕ್ಕೆ ಮಾಲೀಕರು ಹೊಣೆಯಲ್ಲ. ಗೇಟು ಬಿಟ್ಟು ಗೋಡೆಯನ್ನೋ ಬೇಲಿಯನ್ನೋ ಹತ್ತಿ ಬಿದ್ದವರಿಗೂ ಹೊಣೆಯಲ್ಲ. ಬೇಕೆಂದೇ ಅಪಾಯ ಒಡ್ಡಿದರೆ, ಅಥವಾ ಪೆಟ್ಟಾದೀತು ಎಂಬ ಪರಿವೆಯೇ ಇಲ್ಲದೆ ನಡೆದುಕೊಂಡರೆ ಆ ರಕ್ಷಣೆ ಸಿಗದು, ಅದು ಬೇರೆ ಮಾತು. ಬರೀ ಬಾಯಿಮಾತಿನಲ್ಲಿ ಜನರನ್ನು ಒಳಗೆ ಬಿಟ್ಟ ಮಾಲೀಕರ ಹೊಣೆ ಇದಕ್ಕಿಂತ ಹೆಚ್ಚು. ಅಪಘಾತದ ಲೆಕ್ಕದಲ್ಲಿ ನೋಡಿದರೆ, ಅನುಮತಿ ಕೊಡುವುದಕ್ಕಿಂತ ಮುಡಿಪಿಡುವುದೇ ಕ್ಷೇಮ.

ಎರಡನೆಯದು ನಾಯಿಗಳ ಭಯ. ಮಾರ್ಚ್ 1ರಿಂದ ಜುಲೈ 31ರವರೆಗೆ, ನೆಲದ ಮೇಲೆ ಗೂಡುಕಟ್ಟುವ ಹಕ್ಕಿಗಳು ಮರಿಮಾಡುವ ಕಾಲದಲ್ಲಿ, ನಾಯಿಯನ್ನು ಎರಡು ಮೀಟರಿಗಿಂತ ಉದ್ದವಲ್ಲದ ಹಗ್ಗದಲ್ಲಿ ಹಿಡಿದಿರಬೇಕು. ದನಕುರಿಗಳ ಹತ್ತಿರವಂತೂ ವರ್ಷವಿಡೀ ಇದೇ ನಿಯಮ. ಕುರಿ ಈಯುವ ಕಾಲದಲ್ಲಿ 15 ಹೆಕ್ಟೇರಿನವರೆಗಿನ ಆವರಣಕ್ಕೆ ವರ್ಷದಲ್ಲಿ ಆರು ವಾರದ ತನಕ ನಾಯಿಗಳನ್ನೇ ಬಿಡದಿರಬಹುದು. ಇದಲ್ಲದೆ ಮಾಲೀಕರು ಕಾರಣ ಕೊಡದೆ ವರ್ಷದಲ್ಲಿ 28 ದಿನ ಜಮೀನನ್ನು ಮುಚ್ಚಬಹುದು, ಪ್ರಾಧಿಕಾರಕ್ಕೆ ಮುಂಚಿತವಾಗಿ ತಿಳಿಸಿದರೆ ಸಾಕು. ಈ 28ರಲ್ಲಿ ಶನಿವಾರ ಭಾನುವಾರಗಳು ನಾಲ್ಕಕ್ಕಿಂತ ಹೆಚ್ಚಿರಬಾರದು. ಸಾರ್ವಜನಿಕ ರಜಾದಿನ ಮುಚ್ಚುವಂತಿಲ್ಲ. ಬೇಸಿಗೆಯ ಭಾನುವಾರಗಳಿಗೂ ನಿರ್ಬಂಧವಿದೆ. ದುಡಿಯುವ ಜನಕ್ಕೆ ಬಿಡುವಿರುವ ದಿನ ಗೇಟು ತೆರೆದಿರಲಿ ಎಂಬ ಕಾಳಜಿ ಈ ಲೆಕ್ಕಾಚಾರದಲ್ಲಿ ಎದ್ದು ಕಾಣುತ್ತದೆ. ಬೆಂಕಿಯ ಅಪಾಯ, ವನ್ಯಜೀವಿ ರಕ್ಷಣೆ, ಕೃಷಿ ಕೆಲಸ ಇಂಥವಕ್ಕೆ ಹೆಚ್ಚು ದಿನ ಬೇಕಾದರೆ ಅರ್ಜಿ ಹಾಕಿಕೊಳ್ಳಬಹುದು.

ನಡೆಯುವವರಿಗೂ ಮಿತಿಗಳಿವೆ. ಹಕ್ಕಿರುವುದು ಕಾಲ್ನಡಿಗೆಗೆ ಮಾತ್ರ. ಸೈಕಲ್, ಕುದುರೆ, ಟೆಂಟು, ಒಲೆ, ಹೊಳೆಯಲ್ಲಿ ಈಜು ಇವು ಯಾವುವೂ ಅದರಲ್ಲಿ ಸೇರಿಲ್ಲ. ಗೋಡೆ, ಬೇಲಿ, ಗೇಟು ಮುರಿಯಬಾರದು. ನಿಯಮ ಮೀರಿದವರು ಅಲ್ಲಿಯೇ ಅತಿಕ್ರಮಣಕಾರರಾಗುತ್ತಾರೆ. ಜಮೀನು ಬಿಟ್ಟು ಹೋದ ಮೇಲೂ 72 ಗಂಟೆ ಕಾಲ ಅವರಿಗೆ ಆ ಹಕ್ಕು ಇರುವುದಿಲ್ಲ. ಆದರೆ ಮುಡಿಪಿಡುವವರಿಗೆ ಒಂದು ಸ್ವಾತಂತ್ರ್ಯವಿದೆ. ಈ ನಿರ್ಬಂಧಗಳಲ್ಲಿ ಬೇಕಾದ್ದನ್ನು ಅವರು ತಮ್ಮ ಪತ್ರದಲ್ಲೇ ಸಡಿಲಿಸಬಹುದು. ಹೊಳೆಯ ಮಡುವಿನಲ್ಲಿ ಊರ ಮಕ್ಕಳು ಈಜಲಿ ಎಂಬ ಆಸೆ ಇದ್ದರೆ ಅದನ್ನು ಬರೆದಿಡಬಹುದು. ಕುದುರೆ ಸವಾರರಿಗೋ ಸೈಕಲಿನವರಿಗೋ ಬಾಗಿಲು ತೆರೆಯಬಹುದು. ಕಾಯ್ದೆ ತಾನಾಗಿ ತೆರೆದ ನೆಲದಲ್ಲಿ ಸಿಗದ ಹಕ್ಕುಗಳನ್ನು ಹೀಗೆ ಮಾಲೀಕರೊಬ್ಬರು ಉಡುಗೊರೆಯಾಗಿ ಕೊಡಬಹುದು. ಈಗಾಗಲೇ ತೆರೆದಿರುವ ಬೆಟ್ಟದ ಒಡೆಯರೂ ಇದಕ್ಕಾಗಿಯೇ ಮುಡಿಪುಪತ್ರ ಬರೆಯಬಹುದು. ನನ್ನ ಮಟ್ಟಿಗೆ 16ನೇ ಕಲಮಿನ ಅತ್ಯಂತ ಉದಾರವಾದ ಭಾಗ ಇದು, ಬಳಕೆಯಲ್ಲಿ ಹಿಂದೆ ಬಿದ್ದಿರುವುದೂ ಇದೇ.

ಹಿಂಪಡೆಯಲಾಗದು ಎಂದೆನಲ್ಲ, ಅದಕ್ಕೊಂದು ಸಂದು ಉಳಿದಿದೆ. ಮುಡಿಪಿಟ್ಟ ಜಮೀನು ಮುಂದೆ ಕಾಯ್ದೆಯ ವಿನಾಯಿತಿ ಪಟ್ಟಿಗೆ ಸೇರುವುದನ್ನು ಈ ಕಲಮು ತಡೆಯುವುದಿಲ್ಲ. ಕಟ್ಟಡ ಮತ್ತು ಅದರ ಅಂಗಳ, ಮನೆಯಿಂದ 20 ಮೀಟರಿನೊಳಗಿನ ನೆಲ, ಕಲ್ಲುಗಣಿ, ಗಾಲ್ಫ್ ಮೈದಾನ ಇವೆಲ್ಲ ಆ ಪಟ್ಟಿಯಲ್ಲಿವೆ. ಬೆಳೆ ಹಾಕಲೋ ಸಸಿ ನೆಡಲೋ ಹಿಂದಿನ 12 ತಿಂಗಳಲ್ಲಿ ಉತ್ತ ನೆಲವೂ ಅದರಲ್ಲಿ ಸೇರಿದೆ. ಅಂದರೆ ಮುಂದಿನ ತಲೆಮಾರಿನ ಒಡೆಯರು ಆ ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದರೆ, ಬೇಸಾಯ ನಡೆದಷ್ಟು ಕಾಲ ನಡಿಗೆಯ ಹಕ್ಕು ಮಲಗಿರುತ್ತದೆ. ಪತ್ರ ರದ್ದಾಗಿರುವುದಿಲ್ಲ, ಉಳುಮೆ ನಿಂತರೆ ಮತ್ತೆ ಏಳುತ್ತದೆ. ಹಾಗಿದ್ದರೂ ಒಳ್ಳೆಯ ಮಣ್ಣಿನ ತಗ್ಗು ಪ್ರದೇಶದಲ್ಲಿ ಇದು ಸಣ್ಣ ಬಿರುಕೇನಲ್ಲ. ಸಂಸತ್ತು ಇದನ್ನು ಮುಚ್ಚಬೇಕಿತ್ತು ಎಂದೇ ನನಗೆ ಅನ್ನಿಸುತ್ತದೆ. ಕಾಡಿಗೂ ಕಲ್ಲುಗುಡ್ಡಕ್ಕೂ ಈ ಆತಂಕ ಕಡಿಮೆ.

ಇಡೀ ಬಯಲನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಒಂದು ದಾರಿ ಮಾತ್ರ ಕೊಡೋಣ ಎನ್ನುವವರಿಗೆ 1980ರ ಹೆದ್ದಾರಿ ಕಾಯ್ದೆ ಇದೆ. ಅದರ 25ನೇ ಕಲಮಿನಂತೆ ಮಾಲೀಕರು ಕೌನ್ಸಿಲ್ ಜತೆ ಒಪ್ಪಂದ ಮಾಡಿಕೊಂಡು ಕಾಲುದಾರಿಯನ್ನೋ ಕುದುರೆ ದಾರಿಯನ್ನೋ ಸಾರ್ವಜನಿಕರಿಗೆ ಬಿಟ್ಟುಕೊಡಬಹುದು. ಅಂಥ ದಾರಿ ಶಾಶ್ವತ. ಅದನ್ನು ಸುಸ್ಥಿತಿಯಲ್ಲಿಡುವುದು ಕೌನ್ಸಿಲ್‌ನ ಕೆಲಸ. ಮಾಲೀಕರು ಏನೂ ಬರೆದುಕೊಡದಿದ್ದರೂ ದಾರಿ ಹುಟ್ಟಬಹುದು: ಜನ 20 ವರ್ಷ ತಡೆಯಿಲ್ಲದೆ, ಬಲವಂತವಿಲ್ಲದೆ, ಕದ್ದುಮುಚ್ಚದೆ, ಯಾರ ಅನುಮತಿಯನ್ನೂ ಕೇಳದೆ ನಡೆದಿದ್ದರೆ ಮಾಲೀಕರು ಅದನ್ನು ಮುಡಿಪಾಗಿಟ್ಟಿದ್ದಾರೆಂದೇ ಕಾನೂನು ಭಾವಿಸುತ್ತದೆ. ಇದನ್ನು ತಪ್ಪಿಸಲೆಂದೇ ಅನೇಕರು ನಕ್ಷೆ ಸಮೇತ ಹೇಳಿಕೆಯನ್ನು ಕೌನ್ಸಿಲ್‌ಗೆ ಸಲ್ಲಿಸಿ, ತಾವು ಯಾವ ಹೊಸ ದಾರಿಯನ್ನೂ ಬಿಟ್ಟುಕೊಟ್ಟಿಲ್ಲವೆಂದು ದಾಖಲಿಸುತ್ತಾರೆ. ಗೇಟಿಗೆ ಅನುಮತಿ ಫಲಕ ಹಾಕುವುದರ ಹಿಂದಿನ ಲೆಕ್ಕವೂ ಇದೇ. ಊರ ಮಧ್ಯದ ಹುಲ್ಲುಬಯಲನ್ನು ಮಕ್ಕಳ ಆಟಕ್ಕೆಂದು ಉಳಿಸಬೇಕೆನ್ನುವ ಮಾಲೀಕರು 2006ರ ಕಾಮನ್ಸ್ ಕಾಯ್ದೆಯ ಪ್ರಕಾರ ತಾವೇ ಅರ್ಜಿ ಹಾಕಿ ಅದನ್ನು ಊರ ಬಯಲೆಂದು ನೋಂದಾಯಿಸಬಹುದು.

ಇನ್ನು ದುಡ್ಡಿನ ಮಾತು. ಮುಡಿಪಿಟ್ಟಿದ್ದಕ್ಕೆ 16ನೇ ಕಲಮಿನಲ್ಲಿ ಪರಿಹಾರವಿಲ್ಲ. ಗೇಟು, ಹಲಗೆ ಸೇತುವೆ, ಬೇಲಿ ದಾಟುವ ಮೆಟ್ಟಿಲು ಇವುಗಳ ಬಗ್ಗೆ ಪ್ರಾಧಿಕಾರ ಮಾಲೀಕರೊಂದಿಗೆ ಒಪ್ಪಂದ ಮಾಡಿಕೊಂಡು ಖರ್ಚು ಭರಿಸಬಹುದು. ದೊಡ್ಡ ಎಸ್ಟೇಟುಗಳಿಗೆ ಬೇರೊಂದು ದಾರಿ ಇದೆ: ಅಪರೂಪದ ಪ್ರಕೃತಿ ಸೌಂದರ್ಯದ ಅಥವಾ ಚಾರಿತ್ರಿಕ ಮಹತ್ವದ ಜಮೀನನ್ನು ಕಾಪಾಡಿಕೊಂಡು ಜನರನ್ನು ಒಳಗೆ ಬಿಡುವುದಾಗಿ ಒಪ್ಪಿದರೆ, ಅದರ ಮೇಲಿನ ಶೇ. 40ರ ವಾರಸು ತೆರಿಗೆಯಿಂದ ಷರತ್ತಿನ ವಿನಾಯಿತಿ ಸಿಗುತ್ತದೆ. ಮಾತು ತಪ್ಪಿದರೆ ತೆರಿಗೆ ಮರಳಿ ಮೈಮೇಲೆ ಬರುತ್ತದೆ. ಇದು ಮುಡಿಪಲ್ಲ, ಕೊಡುಕೊಳ್ಳುವಿಕೆ.

ಸ್ಕಾಟ್ಲೆಂಡಿನಲ್ಲಿ ಇಷ್ಟೆಲ್ಲ ಕಾಗದಪತ್ರದ ಅಗತ್ಯ ಬೀಳುವುದು ಅಪರೂಪ. ಅಲ್ಲಿನ 2003ರ ಭೂಸುಧಾರಣಾ ಕಾಯ್ದೆಯು ಮನೆಯಂಗಳ, ಬೆಳೆ ನಿಂತ ಹೊಲ ಮುಂತಾದವನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲ ನೆಲದಲ್ಲೂ ನೀರಿನಲ್ಲೂ ಜವಾಬ್ದಾರಿಯಿಂದ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ನಮ್ಮ ಕರ್ನಾಟಕದಲ್ಲಿ ಗೋಮಾಳವಿದೆ, ಗ್ರಾಮ ನಕಾಶೆಯಲ್ಲಿ ಗುರುತಾದ ಕಾಲುದಾರಿ ಬಂಡಿದಾರಿಗಳಿವೆ. ಅನುಭೋಗದ ಹಕ್ಕುಗಳ ಕುರಿತ 1882ರ ಭಾರತೀಯ ಕಾಯ್ದೆಯಲ್ಲೂ ದಾರಿಯ ಹಕ್ಕಿಗೆ ಅದೇ 20 ವರ್ಷದ ಲೆಕ್ಕವಿದೆ. ಆದರೆ ಒಬ್ಬರು ತಮ್ಮ ಕಾಫಿ ತೋಟದ ಮೇಲಿನ ಹುಲ್ಲುಗುಡ್ಡವನ್ನು ತಮ್ಮ ಹೆಸರಿನಲ್ಲೇ ಉಳಿಸಿಕೊಂಡು, ಅಪರಿಚಿತರ ನಡಿಗೆಗೆ ಶಾಶ್ವತವಾಗಿ ಬರೆದಿಡಬೇಕೆಂದರೆ, ಅದಕ್ಕೆ ಹೊಂದುವ ಕಾಯ್ದೆ ನಮ್ಮಲ್ಲಿಲ್ಲ. ಚಾರಣಿಗರ ಸಂಖ್ಯೆ ಏರುತ್ತಿರುವ ಮಲೆನಾಡಿನಲ್ಲಿ ಅಂಥದೊಂದು ಇದ್ದಿದ್ದರೆ, ಮಾಲೀಕರ ಹೊಣೆ ಇಷ್ಟು, ಬರುವವರ ಹದ್ದು ಇಷ್ಟು ಎಂದು ಸ್ಪಷ್ಟವಾಗುತ್ತಿತ್ತು.

ಇಂಗ್ಲೆಂಡಿನಲ್ಲಿ ಈಗ ತುರ್ತಾಗಿ ಮುಡಿಪು ಬೇಕಿರುವುದು ಸಣ್ಣ ತುಂಡುಗಳಲ್ಲಿ. ಕಾಯ್ದೆ ತೆರೆದಿಟ್ಟ ಎಷ್ಟೋ ಗುಡ್ಡಗಳು ದ್ವೀಪಗಳಂತೆ ನಿಂತಿವೆ: ಮೇಲೆ ನಡೆಯುವ ಹಕ್ಕಿದೆ, ಸುತ್ತಲೂ ಖಾಸಗಿ ಹೊಲ, ರಸ್ತೆಯಿಂದ ಅಲ್ಲಿಗೆ ಹೋಗಲು ಕಾನೂನುಬದ್ಧ ದಾರಿಯೇ ಇಲ್ಲ. ಹೊಲದಂಚಿನ ಪಟ್ಟಿಯೊಂದನ್ನು ಒಬ್ಬ ರೈತ ಬರೆದುಕೊಟ್ಟರೆ ಇಡೀ ಗುಡ್ಡ ತೆರೆದುಕೊಳ್ಳುತ್ತದೆ. ನಿಮ್ಮ ಹತ್ತಿರ ಇಂಥದು ಇದೆಯೇ ಎಂದು ತಿಳಿಯಲು ಆರ್ಡನೆನ್ಸ್ ಸರ್ವೆಯ 1:25,000 ಅಳತೆಯ ಎಕ್ಸ್‌ಪ್ಲೋರರ್ ನಕ್ಷೆ ಸಾಕು. ಮುಕ್ತ ನಡಿಗೆಯ ಬಯಲಿಗೆ ಅದರಲ್ಲಿ ತಿಳಿಹಳದಿ ಬಣ್ಣವಿದೆ, ಅಂಚಿಗೆ ಕಿತ್ತಳೆ ಗೆರೆ. ಸಾರ್ವಜನಿಕ ಕಾಲುದಾರಿಗೆ ಹಸಿರು ತುಂಡುಗೆರೆ. ಹಳದಿ ತುಂಡಿಗೆ ರಸ್ತೆಯೋ ಹಸಿರು ಗೆರೆಯೋ ಎಲ್ಲೂ ತಾಗದಿದ್ದರೆ ಅದು ದ್ವೀಪ. ಆ ಪಟ್ಟಿಯ ಮಾಲೀಕರು ಒಪ್ಪುವಂತಿದ್ದರೆ ಮೊದಲು ಕಾಣಬೇಕಾದ್ದು ಕೌನ್ಸಿಲ್‌ನ ದಾರಿಹಕ್ಕು ವಿಭಾಗವನ್ನು. ಆ ಪಟ್ಟಿಗೆ 25ನೇ ಕಲಮಿನ ಕಾಲುದಾರಿ ಒಪ್ಪಂದ ಸಾಕೇ, 16ನೇ ಕಲಮಿನ ಮುಡಿಪು ಬೇಕೇ ಎಂಬುದನ್ನು ನೆಲ ನೋಡಿ ತೀರ್ಮಾನಿಸಬೇಕು. ಉಳುವ ಹೊಲದ ಅಂಚಾದರೆ ನನ್ನ ಸಲಹೆ ಕಾಲುದಾರಿ ಒಪ್ಪಂದವೇ. ಪಕ್ಕದ ಹೊಲ ಉತ್ತರೂ ಆ ಹಕ್ಕು ಮಲಗುವುದಿಲ್ಲ.